ಆ ನೀಲಿ ನೀರಿನ ಅಡಿಗೆ

ಶನಿವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಅದರಡಿಗೇ ನಮ್ಮನೆ ಇರೋದು."

ನಮ್ಮೂರ ಗ್ರಂಥಾಲಯದಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಪರಿಸರದ ಸಾಕ್ಷ್ಯಚಿತ್ರ ತೋರಿಸುತ್ತಾರೆ. ಟಿಕೆಟ್ ಇಲ್ಲ. ಹಾಗಂತ ಅದು ಯಾರದೋ ದಾನವೂ ಅಲ್ಲ. ನಾವು ಕಟ್ಟುವ ಮನೆ ತೆರಿಗೆಯಲ್ಲಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರಿರುತ್ತದೆ. ಬೇರೆ ಹಾಲ್ ಇಲ್ಲ, ಹಾಗಾಗಿ ಪೇಪರ್ ಓದುವ ಕೋಣೆಯ ಕಿಟಕಿಗೇ ಕಪ್ಪು ಬಟ್ಟೆ ಕಟ್ಟುತ್ತಾರೆ. ಪೇಪರ್ ಓದಲು ಬಂದವರು ಕುರ್ಚಿ ತಿರುಗಿಸಿಕೊಂಡು ಹಾಗೇ ಕೂತುಬಿಡುತ್ತಾರೆ. ನನಗೆ ಇದೇ ಇಷ್ಟ. ದೊಡ್ಡ ಊರಿನ ಚಿತ್ರೋತ್ಸವಕ್ಕೆ ಕಾಡಿನ ಮೇಲೆ ಪ್ರೀತಿ ಇರುವವರು ಹುಡುಕಿಕೊಂಡು ಬರುತ್ತಾರೆ. ಇಲ್ಲಿ ಸುಮ್ನೆ ಪೇಪರಿಗೆ ಬಂದವರೂ ಇರುತ್ತಾರೆ.

ಈ ಸಲದ್ದು ಶರಾವತಿ ಕಣಿವೆಯ ಚಿತ್ರ. ಕೆಲವು ಹುಡುಗರು ಸೇರಿ ಮಾಡಿದ್ದು. ಸಿಂಗಳೀಕಗಳನ್ನು ಎಷ್ಟು ಹತ್ತಿರದಿಂದ ತೋರಿಸಿದ್ದರು! ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೇ ಅವುಗಳ ದಾರಿ. ನಡುವೆ ರಸ್ತೆಗೆಂದು ಮರ ಕಡಿದರೆ ಆ ದಾರಿಯೇ ತುಂಡಾಗುತ್ತದೆ. ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಹೊಸ ವಿದ್ಯುತ್ ಯೋಜನೆಗೆ ಕಾಡಿನ ಅಡಿ ಸುರಂಗ ಕೊರೆಯಬೇಕು. ಅದು ಬೇಡ ಅನ್ನುವುದು ಚಿತ್ರದ ಮಾತು. ನನ್ನದೂ ಅದೇ ಮಾತು.

ಕೊನೆಗೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರನ್ನು ಡ್ರೋನ್‌ನಿಂದ ತೋರಿಸಿದರು. ನೀಲಿ ನೀರು, ನಡುವೆ ಹಸಿರು ನಡುಗಡ್ಡೆಗಳು, ಹಿಂದೆ ಕೊಳಲು. ನಾನೂ ಮೈಮರೆತು ನೋಡಿದೆ.

ಲೈಟ್ ಹಾಕಿದ ಮೇಲೆ ಚರ್ಚೆ ಶುರುವಾಯಿತು. ದಿನಾ ಸಂಜೆ ಪೇಪರ್ ಓದಲು ಬರುವ ಅಜ್ಜ ಒಬ್ಬರು ಎದ್ದು ನಿಂತರು. "ಆ ನೀರು ಚಂದ ತೋರ್ಸಿದ್ರಿ. ಅದರಡಿಗೇ ನಮ್ಮನೆ ಇರೋದು" ಅಂದರು. ಮೈಕ್ ಹಿಡಿದಿದ್ದ ಹುಡುಗ ನಕ್ಕು, "ಸರಿ ಅಜ್ಜ. ಬೇರೆ ಯಾರಿಗಾದ್ರೂ ಪ್ರಶ್ನೆ ಇದೆಯಾ?" ಅಂದ. ಅಜ್ಜ ಒಂದು ಕ್ಷಣ ನಿಂತೇ ಇದ್ದರು. ಆಮೇಲೆ ಕೂತರು. ಮುಂದಿನವರು ಡ್ರೋನ್ ಯಾವ ಕಂಪನಿಯದು ಅಂತ ಕೇಳಿದರು. ಅದಕ್ಕೆ ಹುಡುಗ ಐದು ನಿಮಿಷ ಉತ್ತರ ಕೊಟ್ಟ.

ಆ ಹುಡುಗ ಕೆಟ್ಟವನಲ್ಲ. ಜಿಗಣೆ ಕಚ್ಚಿಸಿಕೊಂಡು ಮಳೆಯಲ್ಲಿ ವಾರಗಟ್ಟಲೆ ಕೂತು ಚಿತ್ರ ತೆಗೆದವನು. ಆದರೂ ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಅಜ್ಜ ಕೇಳಿದ್ದು ಪ್ರಶ್ನೆ ಅಲ್ಲ ಅಂತ ಅವನು ಮುಂದಕ್ಕೆ ಹೋದ. ಹೌದು, ಅದು ಪ್ರಶ್ನೆಯಲ್ಲ. ಅದು ಅವರ ವಿಳಾಸ. ಮನೆ "ಇತ್ತು" ಅನ್ನಲಿಲ್ಲ ಅವರು, "ಇರೋದು" ಅಂದರು. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿಗೆ ಹತ್ತು ವರ್ಷವಂತೆ.

ಮುಳುಗಡೆ ಅನ್ನುವ ಪದ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ಜನರನ್ನು ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದರು. ಆ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅರವತ್ತು ವರ್ಷ ಆದರೂ ಎಷ್ಟೋ ಮನೆಯವರು ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಆ ಅಣೆಕಟ್ಟಿನ ಕರೆಂಟು ನಾಡಿಗೆಲ್ಲ ಬೆಳಕು ಕೊಟ್ಟಿತು. ಹೊಸ ಯೋಜನೆ ಬಂದರೆ ಕಣಿವೆಗೆ ಏನಾಗುತ್ತದೆ ಅಂತ ನಾವೆಲ್ಲ ಊಹೆ ಮಾಡುತ್ತಿದ್ದೆವು. ಒಂದು ಯೋಜನೆ ಬಂದು ಹೋದಮೇಲೆ ಏನು ಉಳಿಯುತ್ತದೆ ಅಂತ ಗೊತ್ತಿದ್ದ ಒಬ್ಬರೇ ಒಬ್ಬರು ಆ ಕೋಣೆಯಲ್ಲಿದ್ದರು. ಅವರ ಕೈಗೆ ಮೈಕ್ ಹೋಗಲೇ ಇಲ್ಲ. ನಾನಾದರೂ ಎದ್ದು "ಅವರು ಮಾತಾಡಲಿ" ಅನ್ನಬಹುದಿತ್ತು ಅಲ್ವಾ? ಅನ್ನಲಿಲ್ಲ. ನನಗೆ ಜಾಸ್ತಿ ಚುಚ್ಚುತ್ತಿರುವುದು ಅದೇ.

ಸಿಂಗಳೀಕದ ದಾರಿ ತುಂಡಾದರೆ ಮರುಗುವ ನಾವು, ಮುಳುಗಡೆಯವರ ಮಾತು ಬಂದಾಗ ಯಾಕೆ ಗಡಿಬಿಡಿ ಮಾಡುತ್ತೇವೆ? ಕಾಡಿನ ಪರ ಇರುವವರಿಗೂ ಕಾಡಿಗೆ ತಂದು ಬಿಟ್ಟ ಜನರಿಗೂ ಜಗಳ ಅಂತಲೇ ಎಲ್ಲರೂ ನಂಬಿದಂತಿದೆ. ನನಗೆ ಹಾಗೆ ಅನಿಸುವುದಿಲ್ಲ. ಕಾಡನ್ನೂ ಆ ಜನರ ಮನೆಯನ್ನೂ ತಿಂದದ್ದು ಅದೇ ನೀರು.

ನಿನ್ನೆ ಸಂಜೆ ಮತ್ತೆ ಹೋದೆ. ಅಜ್ಜ ಕಿಟಕಿ ಪಕ್ಕ ಪೇಪರ್ ಹಿಡಿದು ಕೂತಿದ್ದರು. ಪಕ್ಕದಲ್ಲಿ ಕೂತು, "ನಿಮ್ಮನೆ ಎಲ್ಲಿ ಬರ್ತದೆ ಅಜ್ಜ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು. ಪೆನ್ ತೆಗೆದು ಪೇಪರಿನ ಅಂಚಿನಲ್ಲೇ ಬರೆಯಲು ಹೋದರು. ಗ್ರಂಥಾಲಯದ ಮೇಡಂ "ಪೇಪರ್ ಮೇಲೆ ಬರೀಬಾರ್ದು ಅಜ್ಜ" ಅಂತ ಎದ್ದು ಬಂದರು. ಬಂದು ನೋಡಿದವರು ಏನೂ ಹೇಳದೆ ಹಳೇ ರಿಜಿಸ್ಟರಿನ ಖಾಲಿ ಹಾಳೆ ಒಂದನ್ನು ಹರಿದು ಕೊಟ್ಟರು.

ಅಜ್ಜ ಮೊದಲು ಹೊಳೆ ಬರೆದರು. ಒಂದೇ ಒಂದು ಸಣ್ಣ ಗೆರೆ. ಅದರಿಂದ ಮೂರು ಬೆರಳು ದೂರ ಅಳೆದು, ಕೊಟ್ಟಿಗೆ ಬರೆಯತೊಡಗಿದರು.