ಇರಾಕ್ ತಪಾಸಣೆ ಆಟ: ಒತ್ತಡದ ಟ್ರ್ಯಾಕ್ ಕೊನೆಗೂ ದಾರಿಗೆ ಬಂತು

ನಾನು ಮಾಡುತ್ತಿರುವ ಬೋರ್ಡ್ ಗೇಮಿನಲ್ಲಿ ಕೊನೆಗೂ ಇರಾಕ್ ಆಟಗಾರ ತಾನಾಗಿಯೇ ಹಿಂದೆ ಸರಿದ! ಯಾವ ನಿಯಮವೂ ಅವನನ್ನು ತಳ್ಳಲಿಲ್ಲ. ಲೆಕ್ಕ ಹಾಕಿದ, ಸ್ವಲ್ಪ ಹೊತ್ತು ಸುಮ್ನೆ ಕೂತ, ಆಮೇಲೆ ಗೇಟು ತೆಗೆದ. ತಿಂಗಳುಗಟ್ಟಲೆ ನನ್ನ ತಲೆ ತಿಂದ ಗಂಟು ಇದೇ. ಹಾಗಾಗಿ ಮ್ಯಾಪ್ ಬರೆದದ್ದು, ಡೆಕ್ ಜೋಡಿಸಿದ್ದು, ಟೋಕನ್ ಕತ್ತರಿಸಿದ್ದು ಎಲ್ಲ ಈ ಸಲ ಬಿಡುತ್ತೇನೆ. ಅವು ನಿಮಗೆ ಗೊತ್ತಿರುವ ಕೆಲಸಗಳೇ.

ಹೊಸದಾಗಿ ಓದುತ್ತಿರುವವರಿಗೆ ನಾಲ್ಕು ಮಾತು. ಇದು ಇಬ್ಬರ ಆಟ. 1991ರ ಏಪ್ರಿಲ್ 3ರಂದು ಕೊಲ್ಲಿ ಯುದ್ಧದಲ್ಲಿ ಸೋತ ಇರಾಕ್ ತನ್ನ ಸಾಮೂಹಿಕ ನಾಶದ ಅಸ್ತ್ರಗಳನ್ನು ಬಿಡಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 687ನೇ ನಿರ್ಣಯ ಪಾಸು ಮಾಡಿದಲ್ಲಿಂದ ಶುರು, 1998ರ ಡಿಸೆಂಬರ್‌ಗೆ ಮುಕ್ತಾಯ. ಒಬ್ಬರು ಇರಾಕ್, ಇನ್ನೊಬ್ಬರು ವಿಶ್ವಸಂಸ್ಥೆಯ ತಪಾಸಣಾ ಆಯೋಗ, ಅಂದರೆ ಅನ್‌ಸ್ಕಾಮ್. ರಾಸಾಯನಿಕ ಅಸ್ತ್ರ, ಜೈವಿಕ ಅಸ್ತ್ರ, 150 ಕಿ.ಮೀ.ಗಿಂತ ದೂರ ಹಾರುವ ಕ್ಷಿಪಣಿ, ಎಲ್ಲವನ್ನೂ ಹುಡುಕಿ ನಾಶ ಮಾಡಿಸಬೇಕು. ಅಣ್ವಸ್ತ್ರದ ಪಾಲು ಐಎಇಎಗೆ, ಅಂದರೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಸೇರಿದ್ದು. ತಪಾಸಕರ ಕೈಯಲ್ಲಿ ಬಂದೂಕಿಲ್ಲ. ಗೇಟು ಮುಚ್ಚಿದರೆ ಮಂಡಳಿ ಇರುವ ನ್ಯೂಯಾರ್ಕ್‌ಗೆ ದೂರು ಕೊಡಬೇಕು, ಅಷ್ಟೇ. ಮಂಡಳಿ ಆ ದೂರನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದರ ಮೇಲೆ ಇಡೀ ಆಟ ನಿಂತಿದೆ.

ಮೊದಲ ಪ್ರೊಟೊಟೈಪಿನಲ್ಲಿ ಒಂದೇ ಒತ್ತಡದ ಟ್ರ್ಯಾಕ್ (ಒತ್ತಡ ಎಷ್ಟಿದೆ ಅಂತ ತೋರಿಸುವ ಮನೆಗಳ ಸಾಲು) ಇತ್ತು, ಸೊನ್ನೆಯಿಂದ ಹತ್ತು. ಇರಾಕ್ ಒಂದು ಸಲ ಅಡ್ಡಿ ಮಾಡಿದರೆ ಒಂದು ಮನೆ ಮೇಲೆ. ಹತ್ತು ಮುಟ್ಟಿದರೆ ಇರಾಕ್ ಮೇಲೆ ಬಾಂಬು. ಏನಾಯಿತು ಊಹಿಸಿ. ಎಲ್ಲರೂ ಒಂಬತ್ತರವರೆಗೆ ಹೋಗಿ ನಿಂತರು. ಸರಿ, ಪ್ರತಿ ಸುತ್ತಿಗೂ ಒತ್ತಡ ತಾನಾಗಿ ಒಂದು ಮನೆ ಇಳಿಯಲಿ ಅಂತ ಮಾಡಿದೆ. ಆಗ ಇರಾಕ್ ಆಟಗಾರ 'ನಾಳೆ ಬಾ' ಕಾರ್ಡು ಹಾಕುತ್ತಲೇ ಕೂತ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರಲ್ವಾ, ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ? ಕಾಲ ತಳ್ಳುವ ಕಾರ್ಡಿಗೆ ಗೆಳೆಯರು ಇಟ್ಟ ಹೆಸರು ಅದು. ದೆವ್ವಕ್ಕೆ ಅದು ಸಾಕಾಗಿತ್ತೋ ಏನೋ, ಆಟಕ್ಕಂತೂ ವಿಷವಾಯಿತು.

ಸಂಖ್ಯೆ ತಿದ್ದುವುದನ್ನು ನಿಲ್ಲಿಸಿ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ಒಂದು, 1991ರ ಸೆಪ್ಟೆಂಬರ್. ಐಎಇಎ ತಪಾಸಕ ಡೇವಿಡ್ ಕೇ ಮುಂದಾಳತ್ವದ ತಂಡ ಬಾಗ್ದಾದಿನ ಕಟ್ಟಡವೊಂದಕ್ಕೆ ನುಗ್ಗಿ ಅಣ್ವಸ್ತ್ರ ಯೋಜನೆಯ ಕಡತಗಳನ್ನು ಹೊರಗೆ ತಂದಿತು. ಕಡತ ಕೊಟ್ಟು ಹೋಗಿ ಅಂದಿತು ಇರಾಕ್. ಇವರು ಕೊಡಲಿಲ್ಲ. 44 ಜನ ಕಡತಗಳ ಸಮೇತ ಪಾರ್ಕಿಂಗ್ ಜಾಗದಲ್ಲಿ ನಾಲ್ಕು ದಿನ ಉಳಿದರು. ಕಾರು, ಬಸ್ಸುಗಳಲ್ಲೇ ಮಲಗಿದರು. ಅವರ ಹತ್ತಿರ ಸ್ಯಾಟಲೈಟ್ ಫೋನ್ ಇತ್ತು. ಅಲ್ಲಿಂದಲೇ ಪತ್ರಕರ್ತರ ಜೊತೆ ಮಾತಾಡಿದರು, ಜಗತ್ತೆಲ್ಲ ಕೇಳಿಸಿಕೊಂಡಿತು. ಕೊನೆಗೆ ಎರಡೂ ಕಡೆಯವರು ಸೇರಿ ಕಡತಗಳ ಪಟ್ಟಿ ಮಾಡಿದ ಮೇಲೆ ಇರಾಕ್ ದಾರಿ ಬಿಟ್ಟಿತು, ಕಡತಗಳೂ ತಂಡದ ಜೊತೆ ಹೋದವು.

ಇನ್ನೊಂದು, 1992ರ ಜುಲೈ. ಕೃಷಿ ಸಚಿವಾಲಯದಲ್ಲಿ ದಾಖಲೆ ಇದೆ ಅನ್ನೋ ಸುಳಿವು ಸಿಕ್ಕಿ ತಪಾಸಕರು ಹೋದರೆ ಬಾಗಿಲು ಮುಚ್ಚಿತ್ತು. ಎರಡು ವಾರಕ್ಕೂ ಜಾಸ್ತಿ ಹೊರಗೆ ಕಾರಿನಲ್ಲಿ ಕಾದರು. ಸುತ್ತ ಜನ ಸೇರಿದರು, ಮೊಟ್ಟೆ ತೂರಿದರು. ಒಬ್ಬ ತಪಾಸಕನಿಗೆ ಇರಿಯಲು ಬಂದರು. ತಂಡ ಜಾಗ ಬಿಟ್ಟು ಹೊರಟಿತು. ಆಮೇಲೆ ರಾಜಿಯಾಯಿತು: ಕೊಲ್ಲಿ ಯುದ್ಧದಲ್ಲಿ ಇರಾಕ್ ವಿರುದ್ಧ ಹೋರಾಡದ ದೇಶಗಳ ತಪಾಸಕರು ಒಳಗೆ ಹೋಗಲಿ ಅಂತ. ಹೋದರು. ಏನೂ ಸಿಗಲಿಲ್ಲ.

ಎರಡರಲ್ಲೂ ಅಮೆರಿಕದ ಬಲ ಅಷ್ಟೇ ಇತ್ತು. ಹಾಗಾದರೆ ಬದಲಾಗಿದ್ದು ಏನು? ಮಂಡಳಿ ಎಷ್ಟು ದೂರದವರೆಗೆ ಒಟ್ಟಿಗೆ ನಡೆಯುತ್ತದೆ ಅನ್ನೋ ಇರಾಕಿನ ಅಂದಾಜು. ಅಲ್ಲಿಗೆ ಉತ್ತರ ಸಿಕ್ಕಿತು. ಒತ್ತಡ ಒಂದಲ್ಲ, ಎರಡು: ಬೆದರಿಕೆ ಒಂದು ಟ್ರ್ಯಾಕ್, ಮಂಡಳಿಯ ಒಗ್ಗಟ್ಟು ಇನ್ನೊಂದು. ಎರಡರಲ್ಲಿ ಯಾವುದು ಕೆಳಗಿದೆಯೋ ಅದೇ ಆ ಸುತ್ತಿನ ನಿಜವಾದ ಒತ್ತಡ. ಬೆದರಿಕೆ ಒಂಬತ್ತಿದ್ದು ಒಗ್ಗಟ್ಟು ಮೂರಿದ್ದರೆ ಒತ್ತಡ ಮೂರೇ.

ಇದರ ಮೇಲೆ ಕೂತ ನಿಯಮವೇ ಆಟಕ್ಕೆ ಜೀವ ತಂದದ್ದು. ಯಾರು ಅತಿ ಮಾಡುತ್ತಾರೋ ಒಗ್ಗಟ್ಟು ಅವರ ವಿರುದ್ಧ ಚಲಿಸುತ್ತದೆ. 1997ರ ಅಕ್ಟೋಬರ್ 23 ನೋಡಿ. ತಪಾಸಣೆಗೆ ಅಡ್ಡಿ ಮಾಡಿದ ಇರಾಕನ್ನು ಖಂಡಿಸುವ 1134ನೇ ನಿರ್ಣಯಕ್ಕೆ ಹತ್ತು ಮತ ಬಿತ್ತು. ಫ್ರಾನ್ಸ್, ರಷ್ಯಾ, ಚೀನಾ, ಈಜಿಪ್ಟ್, ಕೀನ್ಯಾ ತಟಸ್ಥ. ಒಡಕು ಬಾಗ್ದಾದಿಗೆ ಕಾಣಿಸಿತು. ವಾರದೊಳಗೆ 'ಅಮೆರಿಕದ ತಪಾಸಕರು ದೇಶ ಬಿಡಲಿ' ಅಂದುಬಿಟ್ಟರು. ಮುಂದೆ? ನವೆಂಬರ್ 12ರ 1137ನೇ ನಿರ್ಣಯಕ್ಕೆ ಹದಿನೈದಕ್ಕೆ ಹದಿನೈದೂ ಮತ! ಇರಾಕ್ ಹೆಚ್ಚು ಎಳೆದದ್ದರಿಂದಲೇ ಹರಿದುಹೋಗಿದ್ದ ಮಂಡಳಿ ಮತ್ತೆ ಒಂದಾಯಿತು. ಈಗ ಆಟದಲ್ಲೂ ಹಾಗೆಯೇ. ಇಬ್ಬರೂ ಎದುರಾಳಿ ಮೊದಲು ಅತಿ ಮಾಡಲಿ ಅಂತ ಕಾಯುತ್ತಾರೆ. ಮೇಜಿನ ಸುತ್ತ ಮಾತು ನಿಂತುಹೋಗುತ್ತದೆ.

ಮಂಡಳಿಯ ಕಾರ್ಡುಗಳಲ್ಲಿ ಭಾರತವೂ ಇದೆ. 1991-92ರಲ್ಲಿ ನಾವು ಮಂಡಳಿಯಲ್ಲಿದ್ದೆವು, 687ರ ಪರ ಮತ ಹಾಕಿದ್ದೆವು. ಕ್ಯೂಬಾ ವಿರೋಧಿಸಿತ್ತು, ಯೆಮೆನ್ ಮತ್ತು ಈಕ್ವೆಡಾರ್ ತಟಸ್ಥ.

ಇನ್ನು ಗುಟ್ಟಿನ ಕಾರ್ಡುಗಳ ವಿಷಯ. ಇರಾಕ್ 1991ರ ಬೇಸಿಗೆಯಲ್ಲೇ ಎಷ್ಟೋ ಅಸ್ತ್ರಗಳನ್ನು ಯಾರಿಗೂ ಹೇಳದೆ ತಾನೇ ನಾಶ ಮಾಡಿತ್ತು. ಸಾಕ್ಷಿ ಇಡಲಿಲ್ಲ. ಮುಂದೆ 'ನಾಶ ಮಾಡಿದ್ದೇವೆ' ಅಂದರೆ ನಂಬುವವರಿರಲಿಲ್ಲ. ನಂಬದೇ ಇರುವುದಕ್ಕೆ ಕಾರಣವೂ ಇತ್ತು. ಜೈವಿಕ ಅಸ್ತ್ರದ ಯೋಜನೆ ಇತ್ತು ಅಂತ ಒಪ್ಪಿಕೊಂಡದ್ದೇ 1995ರ ಜುಲೈಯಲ್ಲಿ. ಆಗಸ್ಟ್‌ನಲ್ಲಿ ಸದ್ದಾಂ ಅಳಿಯ ಹುಸೇನ್ ಕಾಮೆಲ್ ಜೋರ್ಡಾನಿಗೆ ಓಡಿಹೋದ ಮೇಲೆ ಕೋಳಿ ಫಾರಂ ಒಂದರಲ್ಲಿ ಲಕ್ಷಗಟ್ಟಲೆ ಪುಟ ಕಡತ ಹೊರಬಂತು. ಹಾಗಾಗಿ ಇರಾಕ್ ಆಟಗಾರ ಮೊದಲ ಸುತ್ತಿನಲ್ಲಿ ಬೇಕಾದಷ್ಟು ಅಸ್ತ್ರದ ಕಾರ್ಡು ಮಗುಚಿ ಡಬ್ಬಿಗೆ ಹಾಕಬಹುದು, ಆದರೆ ಮುಂದೆಂದೂ ಅದನ್ನು ತೋರಿಸುವ ಹಾಗಿಲ್ಲ. ಕೈ ಖಾಲಿ ಇದ್ದರೂ ಅನುಮಾನ ಮಾತ್ರ ಹಾಗೇ ಉಳಿಯುತ್ತದೆ. ಈ ಆಟದಲ್ಲಿ ನನಗೆ ತುಂಬ ಸಂಕಟ ಕೊಡುವ ಭಾಗ ಇದು.

ಇಲ್ಲೇ ಪ್ರಿಂಟರ್ ಕೈಕೊಟ್ಟಿದ್ದು. ಅವೆನ್ಯೂ ರೋಡ್ ಕಡೆ ಮದುವೆ ಕಾಗದ ಮಾಡುವ ಒಬ್ಬರಿಗೆ 350 ಜಿಎಸ್‌ಎಂ ದಪ್ಪದ ಕಾಗದ ಅಂತ ಬರೆದೇ ಕೊಟ್ಟಿದ್ದೆ. ಬಂದ ಕಾರ್ಡು ಎಷ್ಟು ತೆಳು ಅಂದರೆ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ 'ಕ್ಷಿಪಣಿ' ಅನ್ನೋ ಅಕ್ಷರ ಬೆನ್ನಿನಿಂದಲೇ ಓದಬಹುದು. ಗುಟ್ಟು ಬಚ್ಚಿಡುವ ಆಟಕ್ಕೆ ಇಂಥ ಕಾರ್ಡು! ಕಪ್ಪು ಬೆನ್ನಿನ ಸ್ಲೀವ್ ಹಾಕಿ ಸದ್ಯಕ್ಕೆ ನಡೆಸುತ್ತಿದ್ದೇನೆ. ಆನ್‌ಲೈನಿನಲ್ಲಿ ತರಿಸಿದ ವಿಶ್ವಸಂಸ್ಥೆಯ ತಪಾಸಕರ ತಿಳಿನೀಲಿ ಕ್ಯೂಬುಗಳು ಬದನೆಕಾಯಿ ಬಣ್ಣದಲ್ಲಿ ಬಂದವು. ವಾಪಸ್ ತಗೊಳ್ಳಲ್ಲವಂತೆ. ನಾನೇ ಬಣ್ಣ ಬಳಿದೆ.

ಎರಡು ಟ್ರ್ಯಾಕಿನ ಈ ಉಪಾಯ ಕೂಡಲೇ ಉತ್ತರ ಕೊರಿಯಾದ ಆಟಕ್ಕೂ ಕರೆದೊಯ್ಯುತ್ತಿದೆ. 1993ರ ಫೆಬ್ರವರಿಯಲ್ಲಿ ಯೊಂಗ್‌ಬ್ಯೊನ್‌ನ ಅಣು ಕೇಂದ್ರದ ಎರಡು ಜಾಗ ತೋರಿಸಿ ಅಂತ ಐಎಇಎ ಕೇಳಿತು. ಮಾರ್ಚ್ 12ಕ್ಕೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರಬರುತ್ತೇವೆ ಅಂತ ಉತ್ತರ ಕೊರಿಯಾದವರು ನೋಟಿಸ್ ಕೊಟ್ಟರು. ನೋಟಿಸ್ ಅವಧಿ ಮೂರು ತಿಂಗಳು. ಅದು ಮುಗಿಯೋಕೆ ಒಂದು ದಿನ ಇರುವಾಗ ಹೊರಬರುವುದನ್ನು ತಡೆಹಿಡಿದರು! ಟ್ರ್ಯಾಕಿನ ಬದಲು ಅಲ್ಲಿ ಗಡಿಯಾರ ಇರಬೇಕು. ನೋಟ್‌ಬುಕ್ಕಿನ ಕೊನೆಯ ಪುಟಗಳು ಆಗಲೇ ತುಂಬುತ್ತಿವೆ.

ಇರಾಕ್ ಆಟದಲ್ಲಿ ಇನ್ನೆರಡು ಕೆಲಸ ಬಾಕಿ. ಮೊದಲನೆಯದು ಬಹುಮಾನ. ತಪಾಸಣೆ ಮುಗಿದರೆ ತೈಲ ಮಾರಾಟದ ಮೇಲಿನ ನಿರ್ಬಂಧ ತೆಗೆಯುತ್ತೇವೆ ಅಂತ 687ರ 22ನೇ ಪ್ಯಾರಾ ಹೇಳುತ್ತದೆ. ಸದ್ದಾಂ ಇರುವವರೆಗೆ ನಿರ್ಬಂಧ ಹೋಗಲ್ಲ ಅನ್ನುವ ಮಾತು ವಾಷಿಂಗ್ಟನ್ನಿನಿಂದ ಬರುತ್ತಲೇ ಇತ್ತು. ಆ ಕಾರ್ಡು ಬಿದ್ದ ಮೇಲೆ ಇರಾಕ್ ಆಟಗಾರ ಯಾಕಾದರೂ ಗೇಟು ತೆಗೆಯಬೇಕು? ಈ ಮಧ್ಯೆ ಊಟ, ಔಷಧಿ ಇಲ್ಲದೆ ನರಳಿದ್ದು ಸಾಮಾನ್ಯ ಜನ. ತೈಲಕ್ಕೆ ಬದಲಾಗಿ ಆಹಾರ ಕೊಡುವ ಯೋಜನೆಯಲ್ಲಿ ತೈಲ ಹರಿಯಲು 1996ರ ಡಿಸೆಂಬರ್ ಆಯಿತು. ಅದಕ್ಕೇ 'ಜನ' ಅನ್ನುವ ಮೂರನೇ ಟ್ರ್ಯಾಕ್ ಹಾಕಿದ್ದೇನೆ. ಅದು ಇಳಿದರೆ ಇಬ್ಬರಿಗೂ ಅಂಕ ಹೋಗುತ್ತದೆ, ಒಗ್ಗಟ್ಟೂ ಕುಸಿಯುತ್ತದೆ.

ಎರಡನೆಯದು ಕೊನೆಯ ಕಾರ್ಡು. 1998ರ ಡಿಸೆಂಬರ್ 16ರಂದು ತಪಾಸಕರು ಹೊರಟರು, ಅಂದೇ ಅಮೆರಿಕ ಮತ್ತು ಬ್ರಿಟನ್ನಿನ ಬಾಂಬ್ ದಾಳಿ ಶುರುವಾಗಿ 19ರವರೆಗೆ ನಡೆಯಿತು. ಆಮೇಲೆ 2002ರ ನವೆಂಬರ್‌ವರೆಗೆ ತಪಾಸಣೆಯೇ ಇಲ್ಲ. ಅಂದರೆ ಬೆದರಿಕೆ ಟ್ರ್ಯಾಕ್ ತುದಿ ಮುಟ್ಟಿದಾಗ ಮ್ಯಾಪಿನ ಮೇಲೆ ನೀಲಿ ಕ್ಯೂಬ್ ಒಂದೂ ಇರಬಾರದು. ಸದ್ಯದ ನಿಯಮದಲ್ಲಿ ಬಾಂಬು ಹಾಕಿದ ಆಟಗಾರನಿಗೆ ಅಂಕ ಸಿಗುತ್ತಿದೆ. ಅದನ್ನು ತೆಗೆದು, ಕ್ಯೂಬುಗಳನ್ನೆಲ್ಲ ಡಬ್ಬಿಗೆ ಹಾಕಿಸಿ, ಅಲ್ಲಿಯವರೆಗೆ ನೋಡಿದ ಜಾಗಗಳಿಗೆ ಮಾತ್ರ ಅಂಕ ಕೊಡುವ ನಿಯಮವನ್ನು ಮುಂದಿನ ಭಾನುವಾರ ಆಡಿ ನೋಡುತ್ತೇವೆ.