ನೀರು ಕೇಳಿದ ಯೇಸುಸ್ವಾಮಿ

ಯೇಸುಸ್ವಾಮಿ ಯಕೋಬನ ಬಾವಿ ಹತ್ತಿರ ಕೂತಿದ್ದ ಪ್ರಸಂಗ ನಮಗೆಲ್ಲ ಗೊತ್ತು. ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯ. ನಡೆದು ನಡೆದು ಸುಸ್ತಾಗಿದೆ, ನಡುಮಧ್ಯಾಹ್ನದ ಹೊತ್ತು, ಶಿಷ್ಯರು ಊಟ ತರೋಕೆ ಊರೊಳಗೆ ಹೋಗಿದ್ದಾರೆ. ಆಗ ಸಮಾರಿಯದ ಒಬ್ಬ ಹೆಂಗಸು ಕೊಡ ಹಿಡಿದು ಬರುತ್ತಾಳೆ. ಸ್ವಾಮಿ ಅವಳ ಹತ್ತಿರ ಆಡಿದ ಮೊದಲ ಮಾತೇ, ಕುಡಿಯೋಕೆ ನೀರು ಕೊಡು ಅಂತ. ಯೆಹೂದ್ಯರು ಸಮಾರಿಯದವರ ಜೊತೆ ಹೋಗಿಬಂದು ಮಾಡದ ಕಾಲ ಅದು. ಅವಳಿಗೇ ಆಶ್ಚರ್ಯ ಆಗಿಬಿಟ್ಟಿತು.

ದಾವಣಗೆರೆಯಲ್ಲಿದ್ದುಕೊಂಡು ಈ ಅಧ್ಯಾಯ ಓದಿದರೆ ಅದರ ರುಚಿಯೇ ಬೇರೆ. ನೀರಿನ ಬೆಲೆ ನಮ್ಮೂರವರಿಗೆ ಹೇಳಿಕೊಡಬೇಕಾ? ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ, ಟಿವಿ ಸ್ಟೇಷನ್ ಕೆರೆಗೆ ನೀರು ಬರಬೇಕು, ಅಲ್ಲಿಂದ ನಮ್ಮ ನಲ್ಲಿಗೆ ಇಳಿಯಬೇಕು, ಬೇಸಿಗೆಯಲ್ಲಂತೂ ಯಾವತ್ತು ಬಿಡ್ತಾರೋ ಎಷ್ಟು ಹೊತ್ತಿಗೆ ಬಿಡ್ತಾರೋ ದೇವರೇ ಬಲ್ಲ. ಎಷ್ಟೋ ಸಲ ಭಾನುವಾರ ನಾವು ಚರ್ಚಿನ ಪೂಜೆಗೆ ಹೋದ ಹೊತ್ತಿಗೇ ಬಿಟ್ಟಿರುತ್ತಾರೆ. ಪಕ್ಕದ ಮನೆ ಅಜ್ಜಿ ನಮ್ಮ ಗೇಟು ತೆಗೆದು, ಅವರ ಮನೆ ಪೈಪನ್ನೇ ಎಳೆದು ತಂದು, ನಮ್ಮ ನೀಲಿ ಡ್ರಮ್ಮು ತುಂಬಿಸಿ, ಮುಚ್ಚಳ ಹಾಕಿ, ಗಾಳಿಗೆ ಹಾರದಿರಲಿ ಅಂತ ಮೇಲೊಂದು ಕಲ್ಲಿಟ್ಟು ಹೋಗಿರುತ್ತಾರೆ. ಬೆಳಗ್ಗೆ ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ಒಂದು ತೊಟ್ಟು ಚಹಾ ಹಾಕದ ಅಜ್ಜಿ ಅದು. ನಾನು ಪೂಜೆಯಲ್ಲಿ ‘ನಿನ್ನ ನೆರೆಯವರನ್ನು ಪ್ರೀತಿಸು’ ಅನ್ನೋ ಮಾತು ಕೇಳಿಕೊಂಡು ಕೂತಿರುವಾಗ ಅವರು ಇಲ್ಲಿ ಅದನ್ನೇ ಮಾಡಿ ಮುಗಿಸಿರುತ್ತಾರೆ.

ವಿಶ್ವಾಸ ಹಂಚಿಕೊಳ್ಳಿ ಅಂತ ಯಾರಾದರೂ ಹೇಳಿದ ಕೂಡಲೇ ನಮ್ಮ ತಲೆಗೆ ಬರೋದು ಕೊಡುವ ಕೆಲಸ. ಕೇಕ್ ಕೊಡೋಣ, ಹಳೆ ಬಟ್ಟೆ ಕೊಡೋಣ, ಆಸ್ಪತ್ರೆಗೆ ಹೋಗಿ ಹಣ್ಣು ಕೊಡೋಣ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಬರೀ ಕೊಡ್ತಾನೇ ಇದ್ದರೆ ನಾವು ಜಗಲಿ ಮೇಲೆ, ಅವರು ಕೆಳಗೆ ಅನ್ನೋ ಹಾಗಾಗುತ್ತದೆ. ಜೊತೆಗೆ, ಇವರು ಯಾಕೆ ಇಷ್ಟೊಂದು ಒಳ್ಳೆಯವರಾಗ್ತಿದ್ದಾರೆ, ಏನೋ ಲೆಕ್ಕಾಚಾರ ಇರಬೇಕು ಅನ್ನೋ ಅನುಮಾನ ಬೇರೆ. ಆ ಅನುಮಾನ ಬಂದರೆ ತಪ್ಪು ಅವರದಲ್ಲ. ಒಳಗೆ ಲೆಕ್ಕ ಇಟ್ಟುಕೊಂಡು ಮಾಡಿದ ಉಪಕಾರ ಬೇಗ ವಾಸನೆ ಹೊಡೆಯುತ್ತದೆ. ಲೂಕರು ತಮ್ಮ ಶುಭಸಂದೇಶದಲ್ಲಿ ಬರೆದ ಒಳ್ಳೆಯ ಸಮಾರಿಯದವನನ್ನೇ ನೋಡಿ. ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಪಟ್ಟಿ ಕಟ್ಟಿದ, ತನ್ನ ಪ್ರಾಣಿ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರಕೊಂಡು ಹೋದ, ಎರಡು ದಿನದ ಕೂಲಿಯಷ್ಟು ದುಡ್ಡು ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಬಿದ್ದವನ ಜಾತಿ ಕೇಳಿದ, ನಮ್ಮ ದೇವರನ್ನು ನಂಬು ಅಂದ ಅಂತ ಎಲ್ಲೂ ಇಲ್ಲ.

ಅದಕ್ಕೇ ನನಗೆ ಬಾವಿ ಕಟ್ಟೆಯ ಸ್ವಾಮಿ ಇಷ್ಟ. ಕೇಳೋಕೆ ನಾಚಲಿಲ್ಲ ಅವರು. ಕೈಯಲ್ಲಿ ಸೇದೋ ಪಾತ್ರೆ ಕೂಡ ಇರಲಿಲ್ಲ. ಅವಳ ಕೊಡ, ಅವಳ ಹಗ್ಗ, ಅವಳ ಊರ ನೀರು. ಮಾತು ಶುರುವಾಗಿದ್ದು ಅಲ್ಲಿಂದ. ಕೊನೆಗೆ ಅವಳು ಕೊಡ ಅಲ್ಲೇ ಬಿಟ್ಟು ಊರಿಗೆ ಓಡಿದಳು, ಊರವರು ಬಂದು ಇರಿ ಇರಿ ಅಂತ ಒತ್ತಾಯ ಮಾಡಿ ಎರಡು ದಿನ ಇರಿಸಿಕೊಂಡರು. ಆ ಎರಡು ದಿನ ಸ್ವಾಮಿ ಅವರ ಮನೆ ಊಟವನ್ನೇ ಉಂಡಿರಬೇಕಲ್ವಾ?

ನಮ್ಮ ಬೀದಿಯಲ್ಲಿ ಈ ಕೊಡು-ತಗೋ ಬೇಕಾದಷ್ಟಿದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಮನೆಮನೆಯಲ್ಲೂ ನೆಂಟರೋ ನೆಂಟರು. ಹಿಂದಿನ ಮನೆಯವರ ನೆಂಟರು ನಮ್ಮ ಹಾಲಲ್ಲಿ ಚಾಪೆ ಹಾಸಿಕೊಂಡು ಮಲಗ್ತಾರೆ, ಗೋಡೆ ಮೇಲಿನ ಶಿಲುಬೆಯ ಕೆಳಗೇ. ರಂಜಾನ್‌ಗೆ ಎದುರು ಮನೆ ಭಾಬಿ ಸುರ್ಕುಂಬಾ ಕಳಿಸ್ತಾರೆ. ಕ್ರಿಸ್‌ಮಸ್‌ಗೆ ನಾನು ಕರ್ಜಿಕಾಯಿ ಕರಿಯುವಾಗ ಲಟ್ಟಿಸೋಕೆ ಬರೋದು ಅಜ್ಜಿಯ ಸೊಸೆ. ನನಗೆ ಅಂಚು ಮಡಿಸೋಕೆ ಬರಲ್ಲ, ಅವಳದು ಚಕಚಕ.

ಹಾಗಾದರೆ ಯೇಸುಸ್ವಾಮಿಯ ವಿಷಯ ಬಾಯಿಬಿಟ್ಟು ಹೇಳೋದೇ ಬೇಡವಾ? ಬೇಕು. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಹೇಳ್ತಾರಲ್ಲ, ನಿಮ್ಮ ಭರವಸೆಗೆ ಕಾರಣ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡೋಕೆ ತಯಾರಾಗಿರಿ, ಆದರೆ ನಯವಾಗಿ, ಗೌರವದಿಂದ ಹೇಳಿ ಅಂತ. ಕೇಳಿದರೆ ಅನ್ನೋದು ಮುಖ್ಯ. ಒಂದು ಶುಭ ಶುಕ್ರವಾರ ಅಜ್ಜಿ ನಮ್ಮ ಅಡುಗೆಮನೆ ಬಾಗಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸ್ತಾ ಕೂತಿದ್ದರು.

“ನಿಮ್ ದೇವ್ರಿಗೆ ಯಾಕವ್ವಾ ಹಂಗೆ ಮೊಳೆ ಹೊಡೆದ್ರು? ಏನ್ ತಪ್ಪು ಮಾಡಿದ್ದ?”

“ಏನೂ ಮಾಡಿರ್ಲಿಲ್ಲ ಅಜ್ಜಿ. ಮೊಳೆ ಹೊಡೆದವರನ್ನೂ ಕ್ಷಮಿಸಪ್ಪಾ ಅಂತ ತಂದೆ ಹತ್ರ ಕೇಳ್ಕೊಂಡ.”

“ಹೊಡೆದವ್ರನ್ನೇನಾ?” ಅಂದರು. ಒಂದಷ್ಟು ಹೊತ್ತು ಸೊಪ್ಪು ಬಿಡಿಸಿದರು. ಆಮೇಲೆ, “ಹೊಲದ ಸಲುವಾಗಿ ನಮ್ ತಮ್ಮನ ಜೊತಿ ಮಾತು ಬಿಟ್ಟೀನಿ ನಾನು” ಅಂದರು. ನಾನು ಅದಕ್ಕೆ ಏನೂ ಹೇಳಲಿಲ್ಲ. ಹೇಳೋಕೆ ನಾನ್ಯಾರು? ಅವರೂ ಆ ಮಾತು ಮುಂದುವರಿಸಲಿಲ್ಲ.

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಹರಿಹರದ ಆರೋಗ್ಯಮಾತೆಯ ಉತ್ಸವ. ಅದಕ್ಕೆ ಮುಂಚೆ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ಅಲ್ಲಿಗೆ ಎಲ್ಲ ಜಾತಿ-ಧರ್ಮದವರೂ ಬರ್ತಾರೆ, ಅವರವರ ಹರಕೆ ಅವರವರಿಗೆ. ಅಜ್ಜಿಯದು ಮಂಡಿನೋವಿನ ಹರಕೆ. ಅವರು ಮೇಣದಬತ್ತಿ ಹಚ್ಚುವಾಗ ನಾನು ಮರಿಯಮ್ಮನವರು ತಮ್ಮ ಬಂಧು ಎಲಿಜಬೇತಮ್ಮನ ಮನೆಗೆ ಹೋದದ್ದನ್ನು ನೆನೆಸಿಕೊಳ್ತೀನಿ. ಬೆಟ್ಟದ ಸೀಮೆಗೆ ಅವಸರದಿಂದ ಹೋಗಿ ಸುಮಾರು ಮೂರು ತಿಂಗಳು ಇದ್ದರಂತೆ. ಅಲ್ಲಿ ಏನೇನು ಕೆಲಸ ಮಾಡಿದರು ಅಂತ ಲೂಕರು ಬರೆದಿಲ್ಲ. ವಯಸ್ಸಾದ ಬಸುರಿಯ ಮನೆಗೆ ಹೋದ ಹುಡುಗಿ ಸುಮ್ನೆ ಕೂತಿರ್ತಾಳಾ? ನೀರು ಹೊತ್ತಿರ್ತಾಳೆ, ಹಿಟ್ಟು ಬೀಸಿರ್ತಾಳೆ, ಕಾಲು ಒತ್ತಿರ್ತಾಳೆ.

ಈ ಸಲ ಬೆಳಗಿನ ಪೂಜೆಗೆ ಹೋಗೋದಾ, ಸಂಜೆ ಹೋಗೋದಾ ಅಂತ ಅಜ್ಜಿ ಆಗಲೇ ಕೇಳೋಕೆ ಶುರು ಮಾಡಿದ್ದಾರೆ. ಸಂಜೆ ಗದ್ದಲ ಜಾಸ್ತಿ, ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇರಲ್ಲ, ಅವರ ಮಂಡಿಗೆ ಅದು ಆಗದ ಮಾತು. ಬೆಳಗ್ಗೆ ಬೇಗನೇ ಹೊರಡ್ತೀವಿ. ಅವತ್ತೇ ನೀರು ಬಿಟ್ಟರೆ ಎರಡೂ ಮನೆ ಡ್ರಮ್ಮು ತುಂಬಿಸೋ ಜವಾಬ್ದಾರಿ ಭಾಬಿದು ಅಂತ ಮಾತಾಗಿದೆ.