ಕೌಬಾಯ್ ಬರೋ ತನಕ

ಮೊನ್ನೆ ಭಾನುವಾರ ಗೆಳತಿ ಬಂದಿದ್ದಳು. ಅವಳು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಕೌನ್ಸೆಲರ್. ಡ್ರಗ್ಸ್ ಸಿನಿಮಾ ಅಂದ ಕೂಡಲೇ ಮುಖ ಸಿಂಡರಿಸಿ, "ಬೇಡ ಮಾರಾಯ್ತಿ, ವಾರವಿಡೀ ಅದೇ ನೋಡ್ತೀನಿ" ಅಂದಳು. ಆದರೂ ಊಟ ಮುಗಿದ ಮೇಲೆ ಅಮೆರಿಕದ ನಿರ್ದೇಶಕಿ ಶರ್ಲಿ ಕ್ಲಾರ್ಕ್ ಅವರ 'ದಿ ಕನೆಕ್ಷನ್' ಹಾಕಿಯೇಬಿಟ್ಟೆ.

1961ರ ಕಪ್ಪು ಬಿಳುಪು ಸಿನಿಮಾ. ನ್ಯೂಯಾರ್ಕಿನ ಒಂದು ಕೊಳಕು ಕೋಣೆ, ಹೆರಾಯಿನ್ ತರೋ ಕೌಬಾಯ್ ಎಂಬ ಅಡ್ಡಹೆಸರಿನವನಿಗೆ ಕಾಯುತ್ತಾ ಕೂತ ಗಂಡಸರು. ಕಥೆ ಅಂದರೆ ಅಷ್ಟೇ. ಮನೆ ಲೀಚ್ ಎಂಬವನದು, ಅವನ ಕುತ್ತಿಗೆ ಮೇಲೊಂದು ಕುರು, ಅದರದ್ದೇ ಗೋಳು. ನಡುನಡುವೆ ಜಾಝ್. ಸ್ವಲ್ಪ ಹೊತ್ತಿಗೆ ಗೆಳತಿ ಫೋನ್ ಕೆಳಗಿಟ್ಟಳು. "ಇದು ಸರಿಯಾಗಿದೆ ನೋಡು. ನಮ್ಮಲ್ಲಿಗೆ ಬರೋರೂ ನಶೆ ಬಗ್ಗೆ ಹೇಳೋದು ಕಮ್ಮಿ, ಕಾದಿದ್ದನ್ನೇ ಜಾಸ್ತಿ ಹೇಳ್ತಾರೆ."

ನನಗೆ ಹಿಡಿಸಿದ್ದು ಬೇರೆ. ಆ ಕೋಣೆಯಲ್ಲಿ ಕಪ್ಪು ಜನ, ಬಿಳಿ ಜನ ಒಟ್ಟಿಗೆ ಕೂತಿದ್ದಾರೆ, ಜಗಳ ಆಡ್ತಾರೆ, ಒಬ್ಬರನ್ನೊಬ್ಬರು ರೇಗಿಸ್ತಾರೆ. ಯಾಕೆ ಒಟ್ಟಿಗಿದ್ದಾರೆ ಅಂತ ಸಿನಿಮಾ ಸಮಜಾಯಿಷಿ ಕೊಡೋದೇ ಇಲ್ಲ. ಅಮೆರಿಕದ ದಕ್ಷಿಣದಲ್ಲಿ ಬಸ್ಸಿನಲ್ಲಿ ಒಟ್ಟಿಗೆ ಕೂತಿದ್ದಕ್ಕೆ ಜನ ಹೊಡೆತ ತಿನ್ನುತ್ತಿದ್ದ ವರ್ಷ ಅದು! ಸ್ಯಾಕ್ಸೊಫೋನ್ ನುಡಿಸೋ ಜಾಕಿ ಮೆಕ್ಲೀನ್ ನಿಜವಾದ ಸಂಗೀತಗಾರ. ಡ್ರಗ್ಸ್ ಕೇಸಿನಿಂದಾಗಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸೋಕೆ ಆಗ ಬೇಕಿದ್ದ ಪರವಾನಗಿ ಕಾರ್ಡನ್ನೇ ಕಳೆದುಕೊಂಡಿದ್ದವರು. ಇದು ಗೊತ್ತಿದ್ದು ನೋಡಿದರೆ ಅವರು ನುಡಿಸೋದು ಬೇರೆ ಥರ ಕೇಳುತ್ತದೆ.

ಇನ್ನೊಂದು ಮಜಾ ಇದೆ. ಸಿನಿಮಾದೊಳಗೊಬ್ಬ ನಿರ್ದೇಶಕ, ಜಿಮ್ ಡನ್, ಬಿಳಿಯ. ಹೆರಾಯಿನ್‌ಗೆ ದುಡ್ಡು ಕೊಟ್ಟು ಇವರನ್ನು ಚಿತ್ರೀಕರಿಸೋಕೆ ಬಂದವನು. ಸಹಜವಾಗಿರಿ ಅಂತಾನೆ, ಮರುಕ್ಷಣವೇ ಹೀಗೆ ಮಾಡಿ ಹಾಗೆ ಮಾಡಿ ಅಂತಾನೆ. ಕ್ಯಾಮೆರಾ ಹಿಡಿದವನು ಜೆ.ಜೆ. ಬರ್ಡನ್, ಕಪ್ಪು ವ್ಯಕ್ತಿ, ಬಹುತೇಕ ದನಿ ಮಾತ್ರ ಕೇಳಿಸುತ್ತದೆ. ಕೊನೆಗೆ ಡನ್ ತಾನೇ ಸೂಜಿ ಚುಚ್ಚಿಸಿಕೊಂಡು ಸುಸ್ತಾಗಿ ಬಿಡ್ತಾನೆ, ಸಿನಿಮಾ ಬರ್ಡನ್ ಕೈಗೆ ಬರುತ್ತದೆ. ಯಾರ ಬದುಕನ್ನು ಯಾರು ತೋರಿಸೋದು ಅನ್ನೋ ಪ್ರಶ್ನೆಗೆ ಇಷ್ಟು ತುಂಟತನದ ಉತ್ತರ ನಾನು ಬೇರೆ ಕಡೆ ಕಂಡಿಲ್ಲ.

ಹೆಂಗಸರ ವಿಷಯ ಕೇಳಬೇಡಿ. ನಿರ್ದೇಶಕಿ ಹೆಣ್ಣು, ಆದರೆ ಆ ಕೋಣೆಗೆ ಬರೋ ಹೆಣ್ಣು ಒಬ್ಬಳೇ, ಸಿಸ್ಟರ್ ಸಾಲ್ವೇಶನ್ ಎಂಬ ಧರ್ಮಪ್ರಚಾರಕಿ. ಗಂಡಸರು ಸೂಜಿ ಚುಚ್ಚಿಸಿಕೊಳ್ಳೋಕೆ ಒಬ್ಬೊಬ್ಬರೇ ಬಾತ್‌ರೂಮಿಗೆ ಹೋಗಿ ಬರೋದನ್ನು ನೋಡಿ, ಅಲ್ಲಿ ಬಾಟಲಿ ಕಂಡು, ಇವರೆಲ್ಲ ಹೆಂಡ ಕುಡೀತಿದ್ದಾರೆ ಅಂದುಕೊಳ್ತಾಳೆ ಪಾಪ. ನಗು ಬಂತು, ಆಮೇಲೆ ಕಿರಿಕಿರಿ ಆಯ್ತು. ನ್ಯೂಯಾರ್ಕ್ ರಾಜ್ಯದ ಸೆನ್ಸಾರ್‌ನವರಿಗೆ ಮಾತ್ರ ಇದ್ಯಾವುದೂ ತೊಂದರೆ ಆಗಲಿಲ್ಲ. ಅವರು ತಡೆದದ್ದು ಹೆರಾಯಿನ್‌ಗೆ ಇವರು ಬಳಸೋ ಒಂದು ಒರಟು ಪದಕ್ಕೆ. ಕೋರ್ಟಿಗೇ ಹೋಗಬೇಕಾಯ್ತು.

ಸಿನಿಮಾ ಮುಗಿದ ಮೇಲೆ ಜಗಳ ಶುರು. ಸಂಗೀತಗಾರರಿಗೆ ಮಾತು ಕೊಟ್ಟಿದ್ದು ತೀರಾ ಕಮ್ಮಿ, ಹೆಚ್ಚಾಗಿ ನುಡಿಸೋಕೆ ಇಟ್ಟಿದ್ದಾರೆ ಅಂದೆ ನಾನು. "ನಮ್ಮ ಗುಂಪಿನಲ್ಲೂ ತಿಂಗಳುಗಟ್ಟಲೆ ಬಾಯಿ ಬಿಡದವರು ಇರ್ತಾರೆ. ಅದು ಅವರಿಷ್ಟ" ಅಂದಳು. ಇಲ್ಲಿ ಅದು ಅವರಿಷ್ಟವೋ, ಮಾತು ಬರೆದವರಿಷ್ಟವೋ ಅಂತ ಕೇಳಿದೆ. ಅವಳು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಬಸ್ ಹತ್ತಿದ ಮೇಲೂ ಮೆಸೇಜು ಹಾಕ್ತಾನೇ ಇದ್ದಳು.